ಘಾಟ್ಕೋಪರಿನಲ್ಲಿ ಇಳಿದ ಹಲ್ಲು

ಇವತ್ತು ಬೆಳಿಗ್ಗೆ ಮುಲುಂಡಿನಿಂದ ಹೊರಟ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಒಬ್ಬ ಹುಡುಗಿ ನನ್ನ ಚೀಲ ತೆಗೆದುಕೊಂಡಳು. ತೆಗೆದುಕೊಂಡಳು ಅನ್ನುವುದು ಮರ್ಯಾದೆಯ ಮಾತು, ಕಿತ್ತುಕೊಂಡಳು. ಕಿವಿಗೆ ವಯರು ಸಿಕ್ಕಿಸಿಕೊಂಡು ಫೋನಿನಲ್ಲಿ ಯಾವುದೋ ಸೀರಿಯಲ್ ನೋಡುತ್ತಿದ್ದವಳು ತಲೆ ಎತ್ತದೆ ಕೈ ಚಾಚಿ, ನಿಂತಿದ್ದ ನನ್ನ ಹೆಗಲಿನಿಂದ ಚೀಲ ಜಾರಿಸಿ ತನ್ನ ತೊಡೆಯ ಮೇಲಿಟ್ಟುಕೊಂಡು ಮತ್ತೆ ಸೀರಿಯಲ್ಲಿಗೆ ಮರಳಿದಳು. ಕೂತವರು ನಿಂತವರ ಭಾರ ಹೊರಬೇಕೆಂಬುದು ಇಲ್ಲಿಯ ರೈಲಿನ ಧರ್ಮ. ನಾನು ಮಾತ್ರ ಪಟ್ಟಿಯನ್ನು ಬಿಡಲಿಲ್ಲ. ಅವಳ ತೊಡೆಯ ಮೇಲೆ ನನ್ನ ಚೀಲ, ನನ್ನ ಮುಷ್ಟಿಯಲ್ಲಿ ಅದರ ಪಟ್ಟಿ, ದನ ಕಟ್ಟಿ ಹಗ್ಗ ಹಿಡಿದುಕೊಂಡವಳ ಹಾಗೆ ನಿಂತಿದ್ದೆ. ಅವಳು ಒಮ್ಮೆ ತಲೆ ಎತ್ತಿ, "ಆಂಟಿ, ಲೇಕೆ ಭಾಗೂಂಗೀ ನಹೀ" ಅಂದಳು. ನೀನು ಓಡಿಹೋಗುತ್ತೀ ಎಂಬ ಭಯ ನನಗಿಲ್ಲ ಮಗಳೇ, ಉಪಕಾರ ಮಾಡುತ್ತೀ ಎಂಬುದೇ ಭಯ, ಎಂದು ಹೇಳುವಷ್ಟು ಹಿಂದಿ ನನಗೆ ಇಷ್ಟು ವರ್ಷವಾದರೂ ಬಂದಿಲ್ಲ.

ನೀವು ಮುಂಬಯಿಗೆ ಹೊಸಬರಾಗಿದ್ದರೆ ಕೇಳಿ. ಅಲ್ಲಿ ಯಾರಿಗೂ ಯಾರೂ ಇಲ್ಲ, ಹುಷಾರು, ಎಂದು ಊರಿನಲ್ಲಿ ಹೆದರಿಸಿ ಕಳಿಸುತ್ತಾರೆ. ಶುದ್ಧ ಸುಳ್ಳು. ಇಲ್ಲಿ ಎಲ್ಲರಿಗೂ ಎಲ್ಲರೂ ಇದ್ದಾರೆ, ಅದೇ ತಾಪತ್ರಯ. ದಾರಿ ಕೇಳಿದರೆ ಗೊತ್ತಿಲ್ಲ ಅನ್ನುವ ಒಬ್ಬ ಪ್ರಾಣಿಯನ್ನೂ ನಾನು ಕಂಡಿಲ್ಲ. ಗೊತ್ತಿಲ್ಲದವನು ಪಕ್ಕದವನನ್ನು ಕರೆಯುತ್ತಾನೆ, ಅವನಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಒಂದು ದಾರಿಯನ್ನು ನಿರ್ಧರಿಸುತ್ತಾರೆ. ಅದರಲ್ಲಿ ನೀವು ಹೋಗಲೇಬೇಕು, ಹೋಗುವುದನ್ನು ಅವರು ನಿಂತು ನೋಡುತ್ತಾರೆ.

ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಸಂಜೆ ದಾದರಿನ ಪ್ಲಾಟ್‌ಫಾರ್ಮಿನಲ್ಲಿ ಗಂಡನಿಗಾಗಿ ಕಾಯುತ್ತ ನಿಂತಿದ್ದೆ. ಬಂದ ರೈಲನ್ನೆಲ್ಲ ಬಿಡುತ್ತಿದ್ದ ನನ್ನನ್ನು ನೋಡಿ, ಪಾಪ, ಹತ್ತಲು ಹೆದರುತ್ತಿದ್ದಾಳೆ ಎಂದುಕೊಂಡ ಇಬ್ಬರು ಹೆಂಗಸರು ಆಚೆಗೊಬ್ಬಳು ಈಚೆಗೊಬ್ಬಳು ರಟ್ಟೆ ಹಿಡಿದು "ಡರೋ ಮತ್, ಹಮ್ ಹೈ ನಾ" ಎನ್ನುತ್ತ ನನ್ನನ್ನು ರೈಲಿಗೆ ತುಂಬಿಸಿದರು. ಅವರ ಮುಖದಲ್ಲಿದ್ದ ತೃಪ್ತಿಯನ್ನು ನೋಡಿ ನನಗೆ ನಿಜ ಹೇಳಲು ಬಾಯಿ ಬರಲಿಲ್ಲ. ಕುರ್ಲಾದಲ್ಲಿ ಇಳಿದು ವಾಪಸು ಬಂದಾಗ ಗಂಡ ಬೆವರು ಒರೆಸಿಕೊಳ್ಳುತ್ತ ಪೊಲೀಸಿನವನ ಜತೆ ಮಾತಾಡುತ್ತಿದ್ದರು. ಆ ಹೆಂಗಸರು ಕೊಟ್ಟಿದ್ದ, ಉಪ್ಪುಖಾರ ಹಚ್ಚಿದ ಅರ್ಧ ಪೇರಳೆಹಣ್ಣು ನನ್ನ ಕೈಯಲ್ಲಿತ್ತು. ಈ ಊರಿನ ಉಪಕಾರದ ರೀತಿಯೇ ಅದು. ಮೊದಲು ಎಳೆದಾಡುತ್ತಾರೆ, ಆಮೇಲೆ ತಿನ್ನಲು ಕೊಡುತ್ತಾರೆ.

ಆದರೆ ನಾನು ಹೇಳಹೊರಟದ್ದು ಅತ್ತೆಯ ಹಲ್ಲಿನ ಕಥೆ.

ನನ್ನ ಅತ್ತೆ ಉಡುಪಿ ಕಡೆಯವರು. ಮಾವ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತು ಸಂಸಾರ ಮಾಡಿದ್ದು ಆಂಟಾಪ್ ಹಿಲ್‌ನಲ್ಲಿ. ಅವರು ಹೋದ ಮೇಲೆ ಅತ್ತೆ ಮುಲುಂಡಿಗೆ ನಮ್ಮ ಜತೆ ಬಂದರು. ಬಂದದ್ದು ದೇಹ ಮಾತ್ರ. ಬ್ಲೌಸು ಹೊಲಿಯುವವನು, ಸಾರಿನ ಪುಡಿ ಬೀಸುವ ಗಿರಣಿ, ಹಲ್ಲಿನ ಡಾಕ್ಟರು, ಎಲ್ಲ ಈಗಲೂ ಆಂಟಾಪ್ ಹಿಲ್‌ನಲ್ಲೇ. ನಮ್ಮ ಬಿಲ್ಡಿಂಗಿನ ಕೆಳಗೇ ಗಾಜಿನ ಬಾಗಿಲಿನ ದಂತವೈದ್ಯರಿದ್ದಾರೆ. "ಅವ ಯಾರೋ ಎಂತದೋ, ಇವ ನನ್ನ ಬಾಯಿ ನೋಡಿದವ" ಎಂದು ಅತ್ತೆಯ ವಾದ. ಹಾಗಾಗಿ ಮಳೆಗಾಲದ ಮೊದಲು ಅಳಿದುಳಿದ ಹಲ್ಲುಗಳನ್ನು ಕೀಳಿಸಿದ್ದೂ ಅಲ್ಲೇ, ಒಸಡು ಒಣಗಿದ ಮೇಲೆ ಸೆಟ್ಟು ಕಟ್ಟಿಸಲು ಕೊಟ್ಟದ್ದೂ ಅಲ್ಲೇ. ಪ್ರತಿ ಸಲ ಕರೆದುಕೊಂಡು ಹೋಗಿ ಬರುವ ಪುಣ್ಯ ನನ್ನದು.

ಅತ್ತೆ ಶೋಭಾನೆ ಹಾಡುವವರು. ನಮ್ಮ ಕಡೆಯ ಮದುವೆ, ಸೀಮಂತಗಳಲ್ಲಿ ಆರತಿಯ ಹೊತ್ತಿಗೆ ಹಿರಿಯ ಹೆಂಗಸೊಬ್ಬರು ದನಿ ಎತ್ತಬೇಕು, ಉಳಿದವರು ಹಿಂದಿನಿಂದ ಸೇರಿಕೊಳ್ಳಬೇಕು. ಮುಂಬಯಿಯಲ್ಲಿರುವ ನಮ್ಮ ಬಳಗದಲ್ಲಿ ಆ ದನಿ ಎತ್ತುವವರು ಅವರೊಬ್ಬರೇ. ಹಲ್ಲು ಹೋದ ಮೇಲೆ ಒಂದು ಸೀಮಂತದಲ್ಲಿ ಹಾಡಿದರು. ಶ, ಸ ಎಲ್ಲ ಗಾಳಿಯಾಗಿ ಹೋದವು. ನನ್ನ ನಾದಿನಿಯ ಮಗ, ಕಾಲೇಜಿನ ಹುಡುಗ, ಅಜ್ಜಿ ಅಂದರೆ ಜೀವ ಬಿಡುವವನು, ಅದನ್ನು ಫೋನಿನಲ್ಲಿ ತೆಗೆದು ಕುಟುಂಬದ ಗ್ರೂಪಿಗೆ ಹಾಕಿದ. ಕೆಳಗೆ ಸಾಲು ಸಾಲಾಗಿ ಕಣ್ಣೀರು ಬರುವಷ್ಟು ನಗುವ ಹಳದಿ ಮುಖಗಳು ಬಂದವು. ಯಾರೂ ಕೆಟ್ಟದ್ದೆಂದು ಮಾಡಿದ್ದಲ್ಲ. ಅತ್ತೆ ನನ್ನ ಹೆಗಲ ಮೇಲಿಂದ ಅದನ್ನು ನೋಡಿದರು. "ಓ" ಅಂದರು, ಅಷ್ಟೆ.

ಅಂದಿನಿಂದ ಮನೆ ಬಿಟ್ಟು ಹೊರಡಲಿಲ್ಲ. ಡಾಕ್ಟರ ಹತ್ತಿರ ಹೋಗುವುದಿದ್ದರೆ ಮುಖಕ್ಕೆ ಸೆರಗು. ಯಾರಾದರೂ ಬಂದರೆ ಒಳಕೋಣೆಯಲ್ಲಿ ನಿದ್ದೆಯ ನಾಟಕ. ಅಷ್ಟರಲ್ಲಿ ಅವರ ತಂಗಿಯ ಮೊಮ್ಮಗಳ ಮದುವೆ ಮಾಟುಂಗದಲ್ಲಿ ನಿಶ್ಚಯವಾಯಿತು. ತಂಗಿ ದಿನಾ ಫೋನು ಮಾಡಿ, "ಅಕ್ಕ, ನೀನು ಬಾರದಿದ್ರೆ ಅವರು ಮೊಬೈಲಿನಲ್ಲಿ ಶೋಭಾನೆ ಹಾಕ್ತಾರಂತೆ" ಎಂದು ಅಳುತ್ತಿದ್ದರು. ಅತ್ತೆಯದು ಒಂದೇ ಮಾತು: "ಹಲ್ಲು ಬಂದ್ರೆ ನಾನೂ ಬರ್ತೇನೆ. ಇಲ್ಲದಿದ್ರೆ ಇಲ್ಲ."

ಹಲ್ಲು ಬಂದದ್ದು ಮದುವೆಯ ಹಿಂದಿನ ದಿನ. ಅಳತೆ ಮೊದಲೇ ನೋಡಿಯಾಗಿತ್ತು, ತರಲು ನಾನೊಬ್ಬಳೇ ಹೋದೆ. ಅದನ್ನು ಸ್ಟೀಲಿನ ಪುಟ್ಟ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಸೀರೆ ಅಂಗಡಿಯ ಹಳದಿ ಬಟ್ಟೆ ಚೀಲದಲ್ಲಿಟ್ಟು, ಆಂಟಾಪ್ ಹಿಲ್‌ನಿಂದ ಬಸ್ಸಿನಲ್ಲಿ ಸಾಯನ್‌ಗೆ ಬಂದು, ಸಂಜೆಯ ಸ್ಲೋ ಲೋಕಲ್ ಹತ್ತಿದೆ. ಹತ್ತಿದೆ ಅಂದರೆ ಹಿಂದಿನವರು ಹತ್ತಿಸಿದರು.

ಒಳಗೆ ಕಾಲಿಟ್ಟ ಕೂಡಲೇ ಯಾರೋ ನನ್ನ ಕೈಯಿಂದ ಹಳದಿ ಚೀಲವನ್ನು ತೆಗೆದುಕೊಂಡರು. ಅವರಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು, ನಾನು "ಬೇಡ ಬೇಡ" ಅನ್ನುವಷ್ಟರಲ್ಲಿ ಅದು ದೂರದ ರ್ಯಾಕಿನ ಮೇಲೆ ಹೋಗಿ ಕೂತಿತು. ಕೈ ದಾಟಿಸಿದವರೆಲ್ಲ ನನ್ನತ್ತ ನೋಡಿ ಆಯಿತು ಎಂದು ತಲೆ ಆಡಿಸಿದರು. ನಾನು ಎರಡು ಬೆನ್ನುಗಳ ನಡುವೆ ಸಿಕ್ಕಿಕೊಂಡು, ಕತ್ತು ಉದ್ದ ಮಾಡಿ, ಆ ಚೀಲವನ್ನು ನೋಡುತ್ತ ನಿಂತೆ.

ಘಾಟ್ಕೋಪರ್ ಬಂತು. ಅಲ್ಲಿ ಅರ್ಧ ಡಬ್ಬಿ ಇಳಿಯುತ್ತದೆ, ಮುಕ್ಕಾಲು ಡಬ್ಬಿ ಹತ್ತುತ್ತದೆ. ರ್ಯಾಕಿನ ಕೆಳಗೆ ಕೂತಿದ್ದ ಒಬ್ಬ ಹೆಂಗಸು ತನ್ನ ಬಟ್ಟೆ ಚೀಲವನ್ನು ತೆಗೆದುಕೊಂಡು ಇಳಿದಳು. ಅವಳು ಇಳಿದದ್ದೇ ತಡ, ಪಕ್ಕದಲ್ಲಿ ನಿಂತಿದ್ದ ಬುರ್ಖಾದ ಹೆಂಗಸೊಬ್ಬಳು ಮೇಲೆ ನೋಡಿ, "ಅರೆ! ಉನ್ಕಾ ದೂಸ್ರಾ ಥೈಲಾ ರಹ್ ಗಯಾ!" ಅವಳ ಇನ್ನೊಂದು ಚೀಲ ಇಲ್ಲೇ ಉಳಿಯಿತು, ಎಂದು ಕೂಗಿದಳು. ಮುಗಿಯಿತು. ಇಳಿದವರು ಏನಾದರೂ ಮರೆತರೆ ರೈಲು ಹೊರಡುವ ಮೊದಲು ಅದನ್ನು ಹೊರಗೆ ಮುಟ್ಟಿಸುವುದು ಈ ಊರಿನ ಹೆಂಗಸರಿಗೆ ಹಬ್ಬವಿದ್ದ ಹಾಗೆ. ನನ್ನ ಹಳದಿ ಚೀಲ ಎದ್ದಿತು. ತಲೆಗಳ ಮೇಲಿಂದ, ಕೈಯಿಂದ ಕೈಗೆ, ನನ್ನ ಮೂಗಿನ ಮುಂದಿನಿಂದಲೇ ಹೋಯಿತು. ನಾನು "ರುಕೋ! ರುಕೋ!" ಎಂದು ಗಂಟಲು ಹರಿಯುವಂತೆ ಅರಚಿದೆ. ಇಡೀ ಡಬ್ಬಿ ಇಳಿದವಳನ್ನು ನಿಲ್ಲಿಸಲು "ರುಕೋ! ರುಕೋ!" ಎಂದೇ ಅರಚುತ್ತಿತ್ತು. ನಾನೂ ಉಪಕಾರ ಮಾಡುತ್ತಿದ್ದೇನೆಂದು ಎಲ್ಲರೂ ಭಾವಿಸಿದರು. ಬಾಗಿಲಲ್ಲಿದ್ದ ಹುಡುಗಿ ಒಳ್ಳೆಯ ಗುರಿಗಾರ್ತಿ. ಚಲಿಸುವ ರೈಲಿನಿಂದ ಬೀಸಿ ಎಸೆದಳು. ಹಲ್ಲಿನ ಡಬ್ಬಿ ಪ್ಲಾಟ್‌ಫಾರ್ಮಿನ ಕಲ್ಲಿಗೆ ಬಿದ್ದ ಠಣ್ ಶಬ್ದ ನನಗೆ ಕೇಳಿಸಿತು.

"ನಿಮ್ಮ ಮನೆ ಹಾಳಾಗ! ನಿಮಗೆಲ್ಲ ಬೇರೆ ಕೆಲಸ ಇಲ್ವಾ?" ಎಂದು ನಾನು ಕನ್ನಡದಲ್ಲೇ ಕೂಗಿದೆ. ಸಿಟ್ಟು ಬಂದಾಗ ಬೇರೆ ಭಾಷೆ ಎಲ್ಲಿಂದ ಬರಬೇಕು?

ಬುರ್ಖಾದ ಹೆಂಗಸು ತಿರುಗಿದಳು. "ಅಕ್ಕಾರ, ಕನ್ನಡದಾರೇನ್ರಿ ನೀವು? ಆ ಚೀಲ ನಿಮ್ದೇನ್ರಿ?" ಎಂದವಳು ಹಣೆ ಹಣೆ ಬಡಿದುಕೊಂಡಳು. "ಬೈರಿ ಅಕ್ಕಾರ, ಇನ್ನೂ ಬೈರಿ. ತಗದ್ ಕೊಟ್ಟಾಕಿ ನಾನ. ಕನ್ನಡದಾಗ ಬೈಸಿಕೊಂಡ್ ಭಾಳ ದಿನ ಆಗಿತ್ತು ನೋಡ್ರಿ."

ಇಂಥವಳನ್ನು ಬೈಯುವುದಾದರೂ ಹೇಗೆ? ಹೆಸರು ಜೈತೂನ್, ಊರು ವಿಜಾಪುರದ ಹತ್ತಿರ, ಧಾರಾವಿಯ ಚರ್ಮದ ಕಾರ್ಖಾನೆಯಲ್ಲಿ ಚೀಲಗಳಿಗೆ ಹಿಡಿಕೆ ಹೊಲಿಯುವ ಕೆಲಸ, ಈಗ ಹೊರಟದ್ದು ಭಾಂಡುಪಿಗೆ ಅಕ್ಕನ ಮನೆಗೆ. ಇದೆಲ್ಲವನ್ನೂ ನಾನು ಕೇಳದೆಯೇ ಹೇಳಿದಳು. ಅಷ್ಟರಲ್ಲಿ ಕಿಟಕಿಯ ಪಕ್ಕ ಕೂತು ಮೆಂತ್ಯಸೊಪ್ಪು ಬಿಡಿಸುತ್ತಿದ್ದ ಮರಾಠಿ ಹೆಂಗಸು ಸೊಪ್ಪನ್ನು ಬದಿಗಿಟ್ಟು ವಿಚಾರಣೆಗೆ ಕೂತಳು. ಆ ರೈಲಿನಲ್ಲಿ ದಿನಾ ಹೋಗುವ ಹೆಂಗಸರದೊಂದು ಗ್ರೂಪು ಉಂಟಂತೆ, ಅದರ ಯಜಮಾನಿ ಇವಳೇ. "ಅಂದರ್ ಕ್ಯಾ ಥಾ?" ಚೀಲದೊಳಗೆ ಏನಿತ್ತು, ಎಂದು ಕೇಳಿದಳು. ಅಷ್ಟು ಜನರ ನಡುವೆ ನಾನು ಏನೆಂದು ಹೇಳಲಿ? "ದವಾಯಿ" ಅಂದೆ. ಔಷಧಿ ಎಂಬ ಮಾತು ಬಾಗಿಲಿಗೆ ಮುಟ್ಟುವಷ್ಟರಲ್ಲಿ ಹಾರ್ಟಿನ ಔಷಧಿಯಾಗಿತ್ತು. ಚೀಲ ಎಸೆದ ಹುಡುಗಿ ಅಳಲು ಶುರು ಮಾಡಿದಳು. ಯಜಮಾನಿ ಗ್ರೂಪಿಗೆ ಸಂದೇಶ ಹಾಕಿ, ನನ್ನ ನಂಬರನ್ನೂ ಗದರಿಸಿ ಕೇಳಿ, ನನ್ನನ್ನೂ ಅದಕ್ಕೆ ಸೇರಿಸಿಬಿಟ್ಟಳು.

ಘಾಟ್ಕೋಪರಿನಲ್ಲಿ ಇಳಿದವಳೂ ಆ ಗ್ರೂಪಿನವಳೇ. ವಿಕ್ರೋಳಿ ಬರುವ ಮೊದಲೇ ಉತ್ತರ ಬಂತು. ಉತ್ತರದ ಜತೆ ಒಂದು ಫೋಟೊ. ಪ್ಲಾಟ್‌ಫಾರ್ಮಿನ ಬೆಂಚು, ಅದರ ಮೇಲೆ ಹಾಸಿದ ಕರವಸ್ತ್ರ, ಕರವಸ್ತ್ರದ ಮೇಲೆ ನನ್ನ ಅತ್ತೆಯ ಹೊಸ ಹಲ್ಲು. ಮೇಲಿನ ಸಾಲು ನಡುವಿಗೆ ಸರಿಯಾಗಿ ಎರಡು ತುಂಡು. ಕೆಳಗೆ ಹಿಂದಿಯಲ್ಲಿ ಬರೆದಿದ್ದಳು: ಔಷಧಿ ಎಲ್ಲೂ ಕಾಣುತ್ತಿಲ್ಲ, ಹಲ್ಲು ಮಾತ್ರ ಉಂಟು, ಯಾರದು?

ಡಬ್ಬಿಯಲ್ಲಿದ್ದ ಗ್ರೂಪಿನವರ ಫೋನುಗಳೆಲ್ಲ ಒಟ್ಟಿಗೆ ಟಣ್ ಅಂದವು. ಎಲ್ಲರೂ ನೋಡಿದರು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತುಂಡಾದದ್ದನ್ನು ಕಂಡ ದುಃಖ ಬೇರೆ. "ಸಾಸ್ ಕಾ ಹೈ, ಅತ್ತೆಯದು. ನಾಳೆ ಮದುವೆ. ಇದಿಲ್ಲದೆ ಅವರು ಬರುವುದಿಲ್ಲ. ಮಳೆಗಾಲದಿಂದ ಮನೆ ಬಿಟ್ಟು ಹೊರಟಿಲ್ಲ" ಎಂದು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಹೇಳುತ್ತ ನಾನು ನಿಂತಲ್ಲೇ ಅತ್ತುಬಿಟ್ಟೆ. ಯಜಮಾನಿ ನನ್ನ ಕೈಗೆ ನೀರಿನ ಬಾಟ್ಲಿ ಕೊಟ್ಟು, "ಫಿರ್ ದವಾಯಿ ಕಾಯ್ಕು ಬೋಲಾ?" ಮತ್ತೆ ಔಷಧಿ ಅಂತ ಯಾಕೆ ಹೇಳಿದ್ದು, ಎಂದು ಗದರಿದಳು.

ವಿಕ್ರೋಳಿಯಲ್ಲಿ ಇಳಿದು ವಾಪಸು ಹೊರಟೆ. ಹಿಂದೆಯೇ ಜೈತೂನೂ ಇಳಿದಳು.

"ನೀವು ಯಾಕೆ? ನಿಮ್ಮಕ್ಕ ಕಾಯುದಿಲ್ವಾ?" ಅಂದೆ. ಒಬ್ಬಳೇ ಸಿಟ್ಟು ಮಾಡಿಕೊಳ್ಳುವ ಸ್ವಾತಂತ್ರ್ಯವೂ ಬೇಡವೇ ಮನುಷ್ಯರಿಗೆ?

"ಆಕಿ ಎಲ್ಲಿಗಿ ಓಡಿ ಹೊಕ್ಕಾಳ್ರಿ? ಅಮ್ಮಾರ ಹಲ್ಲು ಮುರದಾಕಿ ನಾನು. ನಡೀರಿ, ಗಾಡಿ ಬಂತು."

ಘಾಟ್ಕೋಪರಿನಲ್ಲಿ ಚೀಲ ಹಿಡಿದು ಕಾಯುತ್ತಿದ್ದವಳು ನನ್ನನ್ನು ಕಂಡವಳೇ, "ಬ್ಯಾಗ್ ಸಂಭಾಲನೇ ಕೋ ನಹೀ ಆತಾ ಕ್ಯಾ?" ಚೀಲ ನೋಡಿಕೊಳ್ಳಲು ಬರುವುದಿಲ್ಲವಾ, ಎಂದು ರೇಗಿದಳು. ಮನೆಯಲ್ಲಿ ಮಗುವಿಗೆ ಜ್ವರವಂತೆ, ಆದರೂ ಕಾದಿದ್ದಳು. ತುಂಡುಗಳನ್ನು ತನ್ನದೇ ಕರವಸ್ತ್ರದಲ್ಲಿ ಗಂಟು ಕಟ್ಟಿಕೊಟ್ಟು, ಓಡಿದಳು. ನಾನು ಧನ್ಯವಾದ ಹೇಳಿದ್ದು ಅವಳ ಬೆನ್ನಿಗೆ.

ಮುಲುಂಡಿನವರೆಗೂ ಜೈತೂನ್ ನನ್ನನ್ನು ಬಿಡಲಿಲ್ಲ. ಭಾಂಡುಪ್ ಬಂತು, ಇಳಿಯಿರಿ ಅಂದೆ. ಇಳಿಯಲಿಲ್ಲ. ಅಮ್ಮನವರ ಹತ್ತಿರ ತಾನೇ ತಪ್ಪಾಯಿತು ಅನ್ನಬೇಕಂತೆ. ಅಪರಿಚಿತರ ಮುಂದೆ ಬಾಯಿ ತೆರೆಯದ ಮುದುಕಿಯ ಎದುರಿಗೆ, ಬಾಯಿ ಮುಚ್ಚದ ಈ ಹೆಂಗಸನ್ನು ಕರೆದುಕೊಂಡು ಹೋಗುವುದೆಂದರೆ ಹೇಗಿರುತ್ತದೆ, ನೀವೇ ಯೋಚಿಸಿ. ದಾರಿಯುದ್ದಕ್ಕೂ ನಾನು ಅತ್ತೆಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿದೆ. ಸೆಟ್ಟು ಇನ್ನೂ ಆಗಿಲ್ಲ, ಡಾಕ್ಟರು ಎರಡು ದಿನ ಬಿಟ್ಟು ಬರಲು ಹೇಳಿದ್ದಾರೆ, ಅಷ್ಟೇ ಸಾಕು ಎಂದು ಜೈತೂನಿಗೂ ಹೇಳಿಕೊಟ್ಟೆ. ಆಯಿತು ಅಂದಳು.

ಬಾಗಿಲು ತೆಗೆದದ್ದು ಅತ್ತೆಯೇ. ಹಲ್ಲು ಬರುತ್ತದೆಂದು ಬಾಗಿಲಲ್ಲೇ ಕಾದಿದ್ದರು. ಹೊರಗಿನವಳನ್ನು ಕಂಡು ಸೆರಗು ಬಾಯಿಗೆ ಹೋಯಿತು. ಜೈತೂನ್ ಚಪ್ಪಲಿ ಬಿಟ್ಟವಳೇ, "ಅಮ್ಮಾರ, ನಿಮ್ಮ ಹಲ್ಲು ನಾ ಮುರದೇನ್ರಿ" ಅಂದಳು.

ಆಮೇಲೆ ತಡೆಯಲು ನನ್ನಿಂದಾಗಲಿಲ್ಲ. ನಡುಮನೆಯಲ್ಲಿ ನಿಂತು ಅವಳು ಇಡೀ ಕಥೆಯನ್ನು ಅಭಿನಯಿಸಿದಳು. ಹಲ್ಲು ರ್ಯಾಕಿನಿಂದ ಎದ್ದದ್ದು, ತಲೆಗಳ ಮೇಲೆ ಹೋದದ್ದು, ನಾನು ಎರಡು ಕೈ ಎತ್ತಿ ರುಕೋ ರುಕೋ ಎಂದು ಕುಣಿದದ್ದು, ಬಾಗಿಲ ಹುಡುಗಿ ಬೀಸಿ ಒಗೆದದ್ದು. "ಔಷಧ ಅಂತ ಹೇಳ್ಯಾರ್ರೀ ಅಕ್ಕಾರು! ಔಷಧ ಹುಡಕಿ ಹುಡಕಿ ಆಕಿ ಪ್ಲಾಟ್‌ಫಾರ್ಮ್ ತುಂಬ ತಿರಗ್ಯಾಳ್ರಿ!"

ಅತ್ತೆ ಸೋಫಾದ ಮೇಲೆ ಮುಂದಕ್ಕೆ ಬಾಗಿದರು. ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾರೆಂದು ನಾನು ಹತ್ತಿರ ಓಡಿದೆ. ಸೆರಗು ಜಾರಿ ಬಿತ್ತು. ಅತ್ತೆ ನಗುತ್ತಿದ್ದರು. ಬಾಯಿ ಪೂರಾ ತೆರೆದು, ಬರಿಯ ಒಸಡು ಕಾಣಿಸುವಂತೆ, ಸದ್ದೇ ಹೊರಡದಷ್ಟು ನಗು. ಕಣ್ಣು ಒರೆಸಿಕೊಂಡು, "ನಾನು ಘಾಟ್ಕೋಪರಿನಲ್ಲಿ ಇಳಿಯದೆ ಎಷ್ಟು ಕಾಲ ಆಯ್ತು ಮಾರಾಯ್ತಿ! ನನ್ನ ಹಲ್ಲು ನನಗಿಂತ ಮೊದಲು ಇಳಿದು ನೋಡಿ ಬಂತು!" ಅಂದರು.

ಫೋಟೊ ತೋರಿಸು ಎಂದು ಕೈ ನೀಡಿದರು. ಕೊಟ್ಟೆ. ಕೆಳಗೆ ಆ ಹೆಂಗಸರು ಬರೆದದ್ದನ್ನೆಲ್ಲ ಓದಿ ಹೇಳಿಸಿಕೊಂಡರು. ನಮ್ಮ ಅಮ್ಮನದೂ ಹಾಗೇ ಮುರಿದಿತ್ತು, ಜೋಡಿಸಿಕೊಡುತ್ತಾರೆ, ಎಂದು ಒಬ್ಬಳು. ದಾದಿಗೆ, ಅಂದರೆ ಅಜ್ಜಿಗೆ, ನಾಳೆ ಮದುವೆಗೆ ಹೋಗಲು ಹೇಳಿ, ಎಂದು ಇನ್ನೊಬ್ಬಳು.

ಅತ್ತೆ ಫೋನನ್ನು ಕಣ್ಣಿನ ಹತ್ತಿರ ಹಿಡಿದರು. "ನಗುವ ಮುಖ ಯಾರೂ ಹಾಕ್ಲಿಲ್ವಾ?" ಎಂದು ಕೇಳಿದರು.

"ಒಬ್ಬಳು ಹಾಕಿದ್ಲು ಅತ್ತೆ. ಉಳಿದವರೆಲ್ಲ ಬೈದು ತೆಗೆಸಿದ್ರು."

"ಬೈದ್ರಾ? ನನಗೋಸ್ಕರ?"

ಹೌದು ಅಂದೆ. ಅವರು ಫೋನನ್ನು ಕೆಳಗಿಡದೆ ಹಿಡಿದುಕೊಂಡೇ ಇದ್ದರು. ನಮ್ಮ ಕುಟುಂಬದ ಗ್ರೂಪಿನಲ್ಲಿ ಹಾಗೆ ಬೈದವರು ಒಬ್ಬರೂ ಇರಲಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಎದ್ದು ಚಹಾಕ್ಕಿಟ್ಟೆ. ಜೈತೂನಿಗೆ ಸಕ್ಕರೆ ಜಾಸ್ತಿ ಬೇಕೆಂದು ಅತ್ತೆಯೇ ಕೇಳಿ ತಿಳಿದು ಅಲ್ಲಿಂದಲೇ ಕೂಗಿ ಹೇಳಿದರು.

ಮರುದಿನ ಮಾಟುಂಗದ ಹಾಲ್‌ನಲ್ಲಿ ಅತ್ತೆ ಹಾಡಿದರು. ಶ, ಸ ಎಲ್ಲ ಹಿಂದಿನಂತೆಯೇ ಗಾಳಿಗೆ ಹೋದವು. ಅವು ಹೋದಲ್ಲೆಲ್ಲ ಅವರು ದನಿಯನ್ನು ಇನ್ನಷ್ಟು ಎತ್ತಿದರು, ಹಿಂದಿನ ಹೆಂಗಸರು ಆ ಸಂದುಗಳನ್ನು ತುಂಬಿಕೊಂಡು ಹೋದರು. ಅವರ ತಂಗಿ ಬಾಯಿಗೆ ಸೆರಗಿಟ್ಟು ಅತ್ತರು. ಊಟದ ಪಂಕ್ತಿಯಲ್ಲಿ ಅತ್ತೆ ಘಾಟ್ಕೋಪರಿನ ಕಥೆಯನ್ನು ತಾವೇ ಹೇಳಿದರು, ನಾನು ಕುಣಿದದ್ದನ್ನು ಇದ್ದದ್ದಕ್ಕಿಂತ ಉದ್ದ ಮಾಡಿ.

ಸೆಟ್ಟು ಆಮೇಲೆ ರಿಪೇರಿಯಾಗಿ ಬಂತು. ಅದನ್ನು ಚಕ್ಕುಲಿ ತಿನ್ನುವಾಗ ಮಾತ್ರ ಹಾಕಿಕೊಳ್ಳುತ್ತಾರೆ. ಹಾಡಲು ಬೇಡವಂತೆ, "ಬಾಯೊಳಗೆ ಬೇರೆ ಯಾರೋ ಕೂತ ಹಾಗೆ ಆಗ್ತದೆ." ಅಕ್ಕನ ಮನೆಗೆಂದು ಭಾಂಡುಪಿಗೆ ಬರುವ ಜೈತೂನ್ ಅಲ್ಲಿಗಿಂತ ಹೆಚ್ಚು ಹೊತ್ತು ನಮ್ಮ ಮನೆಯಲ್ಲಿರುತ್ತಾಳೆ. ಆ ರೈಲಿನ ಗ್ರೂಪಿನಿಂದ ನಾನು ಇನ್ನೂ ಬಿಡುಗಡೆ ಪಡೆದಿಲ್ಲ. ಎರಡು ಸಲ ಹೊರಬಂದೆ. ಪಾಪ, ತಪ್ಪಿ ಹೊರಗೆ ಹೋಗಿದ್ದಾಳೆ ಎಂದು ಎರಡು ಸಲವೂ ಯಜಮಾನಿ ಮತ್ತೆ ಸೇರಿಸಿದಳು. ಬೆಳಗಾದರೆ ಗುಲಾಬಿ ಹೂಗಳು, ಯಾವ ರೈಲು ಎಷ್ಟು ತಡವೆಂಬ ವರದಿ, ಆಮೇಲೆ ಯಾರಾದರೊಬ್ಬರ "ದಾದಿ ಕೈಸೀ ಹೈ?"

ಇವತ್ತು ಬೆಳಿಗ್ಗೆ ರೈಲಿನ ಆ ಹುಡುಗಿಯಿಂದ ಚೀಲ ಬಿಡಿಸಿಕೊಂಡು ಆಫೀಸಿಗೆ ಬಂದು ಕೂತು ಫೋನು ತೆರೆದರೆ, ಕುಟುಂಬದ ಗ್ರೂಪಿನಲ್ಲಿ ನಾದಿನಿಯ ಮಗ ಮತ್ತೆ ಅಜ್ಜಿಯ ವಿಡಿಯೊ ಹಾಕಿದ್ದ. ಭಾನುವಾರದ ಸೀಮಂತದಲ್ಲಿ ಹಾಡಿದ್ದು. ಬಾಯಿಯನ್ನೇ ಹತ್ತಿರದಿಂದ ತೆಗೆದಿದ್ದ. ಕೆಳಗೆ ಅವನೇ ಹಾಕಿದ ನಗುವ ಮುಖಗಳು, ಒಂದು ಸಾಲು ತುಂಬ. ನನಗೆ ರಕ್ತ ಕುದಿಯಿತು. ಈ ಸಲ ಸುಮ್ಮನಿರಲಿಲ್ಲ. ಚಿಕ್ಕಪ್ಪ, ದೊಡ್ಡಮ್ಮ, ಬೀಗರು ಎಲ್ಲರೂ ಇರುವ ಗ್ರೂಪಿನಲ್ಲಿ, ಅಜ್ಜಿಯ ಬಾಯಿ ನಿನಗೆ ತಮಾಷೆಯಾ, ಈಗಿಂದೀಗ ತೆಗಿ, ನಾಚಿಕೆಯಾಗುವುದಿಲ್ಲವಾ ಎಂದು ಉದ್ದಕ್ಕೆ ಬರೆದೆ. "ಸಾರಿ ಮಾಮಿ" ಎಂದು ಬರೆದು ಹುಡುಗ ಎಲ್ಲವನ್ನೂ ಅಳಿಸಿದ. ಗ್ರೂಪಿನಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಆಫೀಸಿನ ನೀರು ಚಹಾ ಇವತ್ತು ಅಮೃತದ ಹಾಗಿತ್ತು.

ಮಧ್ಯಾಹ್ನ ಅತ್ತೆಯ ಫೋನು ಬಂತು.

"ಎಂತಕ್ಕೆ ಬೈದದ್ದು ನೀನು ಆ ಪಾಪದ ಹುಡುಗನಿಗೆ? ಆ ನಗುವ ಮುಖ ಎಲ್ಲ ಹಾಕು ಅಂತ ಹೇಳಿದ್ದು ನಾನು ಮಾರಾಯ್ತಿ. ಒಂದೊಂದೇ ಆರಿಸಿ ಹಾಕಿಸಿದ್ದು."

ನಾನು ಮೇಜಿನ ಮೇಲಿದ್ದ ಚಹಾದ ಲೋಟವನ್ನು ಬದಿಗೆ ಸರಿಸಿದೆ.

"ಇರ್ಲಿ ಬಿಡು. ನೀನು ನನ್ನ ಒಳ್ಳೇದಕ್ಕೇ ಮಾಡಿದ್ದು, ಅದು ನನಗೆ ಗೊತ್ತುಂಟು. ಆದ್ರೆ ಅವ ಎಲ್ಲ ಅಳಿಸಿಬಿಟ್ಟಿದ್ದಾನಂತೆ. ಅದನ್ನು ಜೈತೂನಿಗೆ ಕಳಿಸ್ಲಿಕ್ಕಿತ್ತು."

ವಿಡಿಯೊ ಅವನ ಹತ್ತಿರ ಇನ್ನೂ ಎಲ್ಲಾದರೂ ಉಳಿದಿದೆಯೇ ಎಂದು ಈಗ ನಾನೇ ಕೇಳಬೇಕಂತೆ. ಆಗಿನಿಂದ ಹುಡುಗನಿಗೆ ಫೋನು ಮಾಡುತ್ತಲೇ ಇದ್ದೇನೆ. ಹೆದರಿಕೊಂಡಿರಬೇಕು, ಎತ್ತುತ್ತಿಲ್ಲ.